ಯಾವ ವಿಭಾಗ? ಕೈಯನ್ನೇ ಕೇಳಿ ನೋಡಿ

ಕಲೆ ಮತ್ತು ವಿನ್ಯಾಸ ಕಾಲೇಜಿನ ಅರ್ಜಿಯಲ್ಲಿ ವಿಭಾಗದ ಹೆಸರಿನ ಮುಂದೆ ಗುರುತು ಹಾಕಲು ಅರ್ಧ ನಿಮಿಷ ಸಾಕು. ಆ ಗುರುತಿನ ಹಿಂದೆ ವರ್ಷಗಟ್ಟಲೆ ದುಡಿಮೆ ಕಾದಿರುತ್ತದೆ. ಹೆಚ್ಚಿನವರು ಮುಗಿದ ವಸ್ತುವನ್ನು ಮೆಚ್ಚಿ ವಿಭಾಗ ಆರಿಸುತ್ತಾರೆ: ಕಾರ್ಟೂನ್ ಚಿತ್ರ ಇಷ್ಟ, ಹಾಗಾಗಿ ಆ್ಯನಿಮೇಷನ್, ಉಡುಪು ಇಷ್ಟ, ಹಾಗಾಗಿ ಫ್ಯಾಷನ್. ಹತ್ತು ನಿಮಿಷದ ಚಿತ್ರ ನೋಡುವುದು ಸುಖ. ಅದಕ್ಕಾಗಿ ಏಳು ಸಾವಿರ ಚಿತ್ರ ಬರೆಯುತ್ತ ಕೂರುವುದು ಬೇರೆಯೇ ಬದುಕು. ಪ್ರತಿ ವಿಭಾಗದ ದುಡಿಮೆಯ ಸಣ್ಣ ತುಣುಕನ್ನು ಮನೆಯಲ್ಲೇ ಮಾಡಿ ನೋಡಬಹುದು. ಮೂರು ವಾರದ ಬಿಡುವು ಸಾಕು.

ಹಂತ 1: ಹೆಸರು ಬಿಡಿ, ವೇಳಾಪಟ್ಟಿ ಓದಿ

‘ಗ್ರಾಫಿಕ್ ಆರ್ಟ್’ ಎಂದರೆ ಒಂದು ಕಾಲೇಜಿನಲ್ಲಿ ಮರ, ಲೋಹ, ಕಲ್ಲಿನಿಂದ ಅಚ್ಚು ತೆಗೆಯುವ ಮುದ್ರಣಕಲೆ. ಇನ್ನೊಂದರಲ್ಲಿ ಪೋಸ್ಟರ್, ಪುಸ್ತಕ, ಲೋಗೊಗಳ ವಿನ್ಯಾಸ. ಅನ್ವಯಿಕ ಕಲೆ, ದೃಶ್ಯ ಸಂವಹನ, ಕಮ್ಯುನಿಕೇಷನ್ ಡಿಸೈನ್ ಎಂಬ ಮೂರು ಹೆಸರಿನಡಿ ಹೆಚ್ಚುಕಡಿಮೆ ಒಂದೇ ಪಾಠ ಇರುವುದೂ ಉಂಟು. ಹಾಗಾಗಿ ವಾರದ ವೇಳಾಪಟ್ಟಿ ಕೇಳಿ ಪಡೆಯಿರಿ. ಸ್ಟುಡಿಯೊ ಎಷ್ಟು ಗಂಟೆ, ವರ್ಕ್‌ಶಾಪ್ ಎಷ್ಟು, ಕಂಪ್ಯೂಟರ್ ಲ್ಯಾಬ್ ಎಷ್ಟು, ಕಲಾ ಇತಿಹಾಸ ಎಷ್ಟು ಎಂದು ಎಣಿಸಿ. ತರಗತಿ ಮುಗಿದ ಮೇಲೂ ವರ್ಕ್‌ಶಾಪ್ ತೆರೆದಿರುತ್ತದೆಯೇ ಎಂಬ ಪ್ರಶ್ನೆಯನ್ನು ಮರೆಯಬೇಡಿ. ಬೀಗ ಹಾಕಿದ ಕೋಣೆಯಲ್ಲಿರುವ ಒಳ್ಳೆಯ ಯಂತ್ರದಿಂದ ವಿದ್ಯಾರ್ಥಿಗೆ ಏನೂ ಲಾಭವಿಲ್ಲ.

ವಿಭಾಗಗಳನ್ನು ಬೇರ್ಪಡಿಸಲು ಒಂದು ಸುಲಭದ ಒರೆಗಲ್ಲು ಇದೆ: ಪ್ರಶ್ನೆ ಯಾರದು? ಚಿತ್ರಕಲೆ, ಶಿಲ್ಪಕಲೆಗಳಲ್ಲಿ ಪ್ರಶ್ನೆಯನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಮೊದಲು ಅದು ಸ್ವಾತಂತ್ರ್ಯ ಅನ್ನಿಸುತ್ತದೆ, ಎರಡನೇ ವರ್ಷಕ್ಕೆ ಭಾರ ಅನ್ನಿಸುತ್ತದೆ. ಗ್ರಾಫಿಕ್, ಪ್ರಾಡಕ್ಟ್, ಒಳಾಂಗಣ ವಿನ್ಯಾಸಗಳಲ್ಲಿ ಪ್ರಶ್ನೆ ಬೇರೆಯವರದು, ಗಡುವೂ ಅವರದೇ. ಸೆರಾಮಿಕ್ಸ್, ಜವಳಿ, ಮುದ್ರಣಕಲೆಗಳಲ್ಲಿ ಅರ್ಧ ಪ್ರಶ್ನೆಯನ್ನು ಮಣ್ಣು, ನೂಲು, ಲೋಹವೇ ಕೇಳುತ್ತದೆ.

ಹಂತ 2: ಮೊದಲ ವರ್ಷ ಯಾಕೆ ಹಾಗಿರುತ್ತದೆ

ಬಹಳಷ್ಟು ಕಾಲೇಜುಗಳಲ್ಲಿ ಮೊದಲು ಎಲ್ಲರಿಗೂ ಒಂದೇ ಫೌಂಡೇಷನ್ ಕೋರ್ಸ್. ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಆರಂಭಿಸಿದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟೆನ್ ರೂಪಿಸಿದ ಪ್ರಾಥಮಿಕ ಕೋರ್ಸಿನ ನೆರಳು ಇಂದಿಗೂ ಇದರ ಮೇಲಿದೆ. ರೇಖೆ, ಬಣ್ಣ, ಆಕಾರ, ವಸ್ತುಗಳ ಗುಣ ತಿಳಿದ ಮೇಲೆಯೇ ಅಲ್ಲಿ ಮರ, ಲೋಹ, ನೇಯ್ಗೆಯ ವರ್ಕ್‌ಶಾಪ್‌ಗೆ ಪ್ರವೇಶ.

ಈ ಪಾಠದ ರುಚಿ ನೋಡಲು ಒಂದು ಅಭ್ಯಾಸ. ಒಂದೇ ಬೂದು ಕಾಗದದಿಂದ 3 ಸೆಂ.ಮೀ.ನ ಎರಡು ಚೌಕ ಕತ್ತರಿಸಿ. ಒಂದನ್ನು ಕಪ್ಪು ಕಾಗದದ ನಡುವೆ, ಇನ್ನೊಂದನ್ನು ಬಿಳಿ ಕಾಗದದ ನಡುವೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿಯೂ ಬಿಳಿಯ ಮೇಲಿನದು ಗಾಢವಾಗಿಯೂ ಕಾಣುತ್ತದೆ. ಈಗ ಬೇರೆ ಬೇರೆ ಬಣ್ಣದ ಹಿನ್ನೆಲೆ ಹುಡುಕಿ, ಎರಡು ಭಿನ್ನ ಬಣ್ಣದ ಚೌಕಗಳು ಒಂದೇ ಬಣ್ಣದವೆಂದು ಕಾಣುವಂತೆ ಮಾಡಿ. ಇದು ಕಷ್ಟ. ಬೌಹೌಸ್‌ನಲ್ಲಿ ಕಲಿತು, ಅಲ್ಲೇ ಕಲಿಸಿ, ಬಳಿಕ ಅಮೆರಿಕದಲ್ಲಿ ಪಾಠ ಹೇಳಿದ ಜೋಸೆಫ್ ಆಲ್ಬರ್ಸ್ ಇಂಥ ಅಭ್ಯಾಸಗಳನ್ನು ಬಣ್ಣದ ಕಾಗದದಲ್ಲೇ ಮಾಡಿಸುತ್ತಿದ್ದರು. ಪೇಂಟ್ ಕಲಸುವ ಗೋಜಿಲ್ಲದ್ದರಿಂದ ಕಣ್ಣಿನ ಕೆಲಸ ಮಾತ್ರ ಉಳಿಯುತ್ತದೆ.

ಹಂತ 3: ಒಂದೊಂದನ್ನೂ ಮುಟ್ಟಿ ನೋಡಿ

ಮಣ್ಣಿನಿಂದ ಶುರು ಮಾಡಿ. ತಾಳ್ಮೆಯ ಲೆಕ್ಕ ಇಲ್ಲಿ ಬೇಗ ಸಿಗುತ್ತದೆ. ಒಂದೂವರೆ ಕೆ.ಜಿ. ಜೇಡಿಮಣ್ಣನ್ನು ಗಾಳಿಗುಳ್ಳೆ ಉಳಿಯದಂತೆ ಚೆನ್ನಾಗಿ ನಾದಿ. 8 ಮಿ.ಮೀ. ದಪ್ಪದ ಎರಡು ಪಟ್ಟಿಗಳ ನಡುವೆ ಮಣ್ಣಿಟ್ಟು ಲಟ್ಟಿಸಿದರೆ ಹಲಗೆ ಸಮ ದಪ್ಪಕ್ಕೆ ಬರುತ್ತದೆ. 10 ಸೆಂ.ಮೀ.ನ ಐದು ಚೌಕ ಕತ್ತರಿಸಿ, ಉಳಿದ ತುಂಡಿನ ಮೇಲೆ ಸರಿಯಾಗಿ 10 ಸೆಂ.ಮೀ.ನ ಗೆರೆ ಎಳೆದಿಡಿ. ಚೌಕಗಳು ಎತ್ತಿದರೆ ಬಾಗದಷ್ಟು ಗಟ್ಟಿ, ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತಗೆ ಆದಾಗ ಅಂಚುಗಳಲ್ಲಿ ಗೀರು ಎಳೆದು, ಮಣ್ಣಿನ ರಾಡಿ ಹಚ್ಚಿ, ಒತ್ತಿ ಜೋಡಿಸಿ. ಮುಚ್ಚಳವಿಲ್ಲದ ಡಬ್ಬಿ ಸಿದ್ಧ. ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ, ನಿಧಾನವಾಗಿ ಒಣಗಿಸಿ.

ಬಹುಶಃ ಮೂಲೆ ಬಿರುಕು ಬಿಡುತ್ತದೆ. ಒಂದು ಚೌಕ ಹೆಚ್ಚು ಒಣಗಿದ್ದು ಇನ್ನೊಂದು ಹಸಿಯಿದ್ದರೆ ಎರಡೂ ಒಂದೇ ಅಳತೆಗೆ ಕುಗ್ಗುವುದಿಲ್ಲ, ಬೆಸುಗೆ ಹರಿಯುತ್ತದೆ. ಬಿಸಿಲಿಗಿಟ್ಟರೆ ತೆಳು ಅಂಚು ಮೊದಲು ಒಣಗಿ ಡೊಂಕಾಗುತ್ತದೆ. ಎಲ್ಲ ಒಣಗಿದ ಮೇಲೆ ಆ ಗೆರೆಯನ್ನು ಅಳೆಯಿರಿ, 10 ಸೆಂ.ಮೀ. ಇರುವುದಿಲ್ಲ. ಬೆಂದ ಮೇಲೆ ಇನ್ನೂ ಕುಗ್ಗುತ್ತದೆ; ಎಷ್ಟು ಎಂಬುದು ಮಣ್ಣಿನ ಜಾತಿಯ ಮೇಲಿದೆ, ಒಟ್ಟು ನೂರಕ್ಕೆ ಹತ್ತರ ಆಸುಪಾಸು ಸಾಮಾನ್ಯ. ಮೊದಲ ಸುಡುವಿಕೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಳಗೆ ತೇವ ಉಳಿದಿದ್ದರೆ ಆವಿಗೆಯಲ್ಲಿ (ಪಾತ್ರೆ ಸುಡುವ ಗೂಡಿನಲ್ಲಿ) ನೀರು ಹಬೆಯಾಗಿ ಪಾತ್ರೆ ಸಿಡಿಯುತ್ತದೆ, ಪಕ್ಕದವರ ಪಾತ್ರೆಯನ್ನೂ ಒಡೆಯುತ್ತದೆ. ಸೆರಾಮಿಕ್ಸ್ ವಿದ್ಯಾರ್ಥಿಯ ವಾರವನ್ನು ನಿರ್ಧರಿಸುವುದು ಮೇಷ್ಟ್ರಲ್ಲ, ಒಣಗುವ ಮಣ್ಣು.

ಆ್ಯನಿಮೇಷನ್‌ಗೆ ಒಂದು ಸಣ್ಣ ನೋಟ್‌ಪ್ಯಾಡ್ ಸಾಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ತೋರಿಸಿದರೆ ಸೆಕೆಂಡಿಗೆ 12 ಚಿತ್ರ. ಹಾಳೆಗಳ ಮೂಲೆಯಲ್ಲಿ ಪುಟಿಯುವ ಚೆಂಡನ್ನು 12 ಚಿತ್ರಗಳಲ್ಲಿ ಬರೆದು ಸರ್ರನೆ ತಿರುವಿ. ಚಿತ್ರಗಳ ನಡುವಿನ ಅಂತರ ಎಲ್ಲೆಡೆ ಸಮನಾಗಿದ್ದರೆ ಚೆಂಡು ದಾರಕ್ಕೆ ಕಟ್ಟಿ ಎಳೆದಂತೆ ಚಲಿಸುತ್ತದೆ. ಮೇಲೆ ಅಂತರ ಕಡಿಮೆ, ನೆಲ ಸಮೀಪಿಸಿದಂತೆ ಹೆಚ್ಚು ಇರಬೇಕು. ಆಗಲೇ ಅದಕ್ಕೆ ತೂಕ ಬರುತ್ತದೆ. ನೆಲಕ್ಕೆ ಬಡಿದಾಗ ಚಪ್ಪಟೆ ಮಾಡಿದರೆ ಅಗಲವನ್ನೂ ಹೆಚ್ಚಿಸಿ, ಇಲ್ಲದಿದ್ದರೆ ಚೆಂಡು ಚಿಕ್ಕದಾದಂತೆ ಕಾಣುತ್ತದೆ. ಏಳನೇ ಚಿತ್ರವನ್ನು ಮಾತ್ರ ಇನ್ನೊಮ್ಮೆ ಬರೆಯೋಣ ಎಂದು ಕೈ ತುಡಿದರೆ ಈ ವಿಭಾಗ ನಿಮ್ಮದಾಗಬಹುದು.

ಗ್ರಾಫಿಕ್ ಡಿಸೈನ್‌ಗೆ ನೂರು ಪದಗಳ ಒಂದು ಸೂಚನೆಯನ್ನು ಎ4 ಹಾಳೆಯಲ್ಲಿ ಜೋಡಿಸಿ. ಒಂದೇ ಫಾಂಟ್, ಎರಡೇ ಗಾತ್ರ, ಕಪ್ಪು ಮಾತ್ರ. ಚಿತ್ರ, ಚೌಕಟ್ಟು ಇಲ್ಲ. ಹತ್ತು ಬೇರೆ ಬೇರೆ ಜೋಡಣೆ ಮಾಡಿ. ಕನ್ನಡದಲ್ಲಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಲ್ಲದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಅಲಂಕಾರ ಸೇರಿಸುವ ಚಪಲ ತಡೆಯಲಾಗದಿದ್ದರೆ ಇಲಸ್ಟ್ರೇಷನ್ ಕಡೆ ನೋಡಿ, ಅದರಲ್ಲಿ ತಪ್ಪೇನಿಲ್ಲ.

ಮುದ್ರಣಕಲೆಗೆ ಲಿನೋಲಿಯಂ (ಸುಲಭವಾಗಿ ಕೆತ್ತಬಹುದಾದ ಮೆತ್ತನೆಯ ಹಾಳೆ) ತುಂಡಿನಲ್ಲಿ ನಿಮ್ಮ ಹೆಸರು ಕೆತ್ತಿ. ಅಕ್ಷರ ತಿರುಗುಮುರುಗಾಗಿರಬೇಕು, ಇದನ್ನು ಮರೆಯದವರು ಕಡಿಮೆ. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ತುಂಡನ್ನು ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ಶಾಯಿ ಹೆಚ್ಚಾದರೆ ಸಣ್ಣ ಗೆರೆ ತುಂಬಿಹೋಗುತ್ತದೆ. ಬಳಿಕ ಒಂದೇ ರೀತಿಯ ಎಂಟು ಪ್ರತಿ ತೆಗೆಯಿರಿ. ಮುದ್ರಣದ ಕೆಳಗೆ 3/8 ಎಂದರೆ ಎಂಟರಲ್ಲಿ ಮೂರನೆಯದು. ನಾಲ್ಕನೆಯದಕ್ಕೇ ಬೇಸರ ಬಂದರೆ ಅದೂ ಒಂದು ಉತ್ತರ.

ಫ್ಯಾಷನ್ ಎಂದರೆ ಮೊದಲು ಬಟ್ಟೆಯ ಎಳೆ. ಹಳೆಯ ಬೆಡ್‌ಶೀಟಿನಿಂದ ಹಾಸಿನ (ಉದ್ದಕ್ಕೆ ಹೋಗುವ ಎಳೆಗಳ) ಗುಂಟ ಒಂದು, 45 ಡಿಗ್ರಿ ಓರೆಯಾಗಿ ಒಂದು ಪಟ್ಟಿ ಕತ್ತರಿಸಿ ಎಳೆದು ನೋಡಿ. ಓರೆ ಪಟ್ಟಿ ಹಿಗ್ಗುತ್ತದೆ. ಕತ್ತರಿಸುವಾಗ ಎಳೆಯ ದಿಕ್ಕು ತಪ್ಪಿದ ಪ್ಯಾಂಟಿನ ಕಾಲು ತಿರುಚಿಕೊಳ್ಳುವುದು ಇದರಿಂದಲೇ. ಹಳೆ ಅಂಗಿಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಕಾಗದದ ಮೇಲೆ ಗುರುತು ಮಾಡಿ, ಆ ನಕ್ಷೆಯಿಂದ ಇನ್ನೊಂದು ಹೊಲಿಯಿರಿ. ತೋಳು ಕೂರಿಸುವಲ್ಲಿ ಉತ್ಸಾಹದ ನಿಜವಾದ ಪರೀಕ್ಷೆ.

ಒಳಾಂಗಣ ವಿನ್ಯಾಸಕ್ಕೆ ನಿಮ್ಮ ಕೋಣೆಯನ್ನೇ 1:50ರಲ್ಲಿ ಬರೆಯಿರಿ. ಒಂದು ಮೀಟರ್‌ಗೆ 2 ಸೆಂ.ಮೀ. ಕರ್ಣಗಳನ್ನೂ ಅಳೆಯಿರಿ. ಅವು ಸಮನಾಗಿಲ್ಲದಿದ್ದರೆ ಮೂಲೆಗಳು ನೇರವಾಗಿಲ್ಲ. ಗೋಡೆಯ ದಪ್ಪ, ಬಾಗಿಲು ತೆರೆಯುವ ವೃತ್ತ ಇವೆರಡು ಬಿಟ್ಟುಹೋಗುವುದೇ ಹೆಚ್ಚು. ಪ್ರಾಡಕ್ಟ್ ಡಿಸೈನ್‌ಗೆ ರಟ್ಟಿನಿಂದ ನಿಜ ಗಾತ್ರದ ಟಾರ್ಚ್ ಮಾದರಿ ಮಾಡಿ ಮೂವರ ಕೈಗೆ ಕೊಡಿ, ಬಾಯಿ ಬಿಡದೆ ನೋಡಿ. ಅವರು ತಪ್ಪಾಗಿ ಹಿಡಿದರೆ ತಪ್ಪು ಮಾದರಿಯದು.

ಚಿತ್ರಕಲೆ, ಶಿಲ್ಪಕಲೆಗೆ ಒಂದೇ ವಸ್ತುವನ್ನು ಇಪ್ಪತ್ತು ಸಲ ಬರೆಯಿರಿ. ಏಳೆಂಟರ ಹೊತ್ತಿಗೆ ಅಭ್ಯಾಸಬಲ ಮುಗಿಯುತ್ತದೆ, ಕೆಲಸ ಶುರುವಾಗುವುದು ಆಮೇಲೆ.

ಹಂತ 4: ಇವೆಲ್ಲ ಪೋರ್ಟ್‌ಫೋಲಿಯೊಗೆ ಬರಲಿ

ಪೋರ್ಟ್‌ಫೋಲಿಯೊ ಎಂದರೆ ಕಾಲೇಜಿಗೆ ತೋರಿಸುವ ನಿಮ್ಮ ಕೆಲಸಗಳ ಸಂಗ್ರಹ. ಹದಿನೈದು–ಇಪ್ಪತ್ತು ಕೆಲಸ ಸಾಕು. ಕಾಲೇಜು ಸಂಖ್ಯೆ ಹೇಳಿದ್ದರೆ ಅಷ್ಟೇ. ಫೋಟೊ ನೋಡಿ ಬರೆದ ನಟ–ನಟಿಯರ ಮುಖ ಐದಾರು ಇದ್ದರೆ ನಾಲ್ಕನ್ನು ತೆಗೆಯಿರಿ. ಅವು ಕೈಚಳಕ ತೋರಿಸುತ್ತವೆ, ನೋಡುವ ಕಣ್ಣನ್ನು ತೋರಿಸುವುದಿಲ್ಲ. ಚಿತ್ರಗಳ ಫೋಟೊ ತೆಗೆಯುವಾಗ ನೇರ ಬಿಸಿಲು ಬೀಳದ ಕಿಟಕಿಯ ಬೆಳಕು ಒಳ್ಳೆಯದು. ಹತ್ತಿರ ಹೋಗಬೇಡಿ, ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ, ಕ್ಯಾಮೆರಾವನ್ನು ಹಾಳೆಗೆ ಸಮಾನಾಂತರವಾಗಿ ಹಿಡಿಯಿರಿ, ಇಲ್ಲದಿದ್ದರೆ ಹಾಳೆ ಒಂದು ಕಡೆ ಕಿರಿದಾಗುತ್ತದೆ. ಪೆನ್ಸಿಲ್ ಕೆಲಸ ಹೊಳೆದರೆ ಹಾಳೆಯನ್ನು ತುಸು ತಿರುಗಿಸಿ. ಎ4 ಗಾತ್ರದಲ್ಲಿ ಸ್ಪಷ್ಟವಾಗಿ ಅಚ್ಚಾಗಲು 2480×3508 ಪಿಕ್ಸೆಲ್ ಬೇಕು.

ಬಿರುಕು ಬಿಟ್ಟ ಆ ಮಣ್ಣಿನ ಡಬ್ಬಿಯ ಫೋಟೊವನ್ನೂ ಸೇರಿಸಿ. ಕೆಳಗೆ ಎರಡು ಸಾಲು ಬರೆಯಿರಿ: ಬಿರುಕು ಎಲ್ಲಿ ಬಂತು, ಯಾವ ಚೌಕ ಹೆಚ್ಚು ಒಣಗಿತ್ತು.