ಎಡಗಡೆ ಸ್ಟೇರಿಂಗ್, ಕಿಟಕಿಗೆ ಉಪ್ಪು: ನಾನು ಬರೆದ 12 ಪುಟದ ಪ್ರೀಕ್ವೆಲ್

ದೆವ್ವ ಬೇಟೆಯಾಡುವ ಅಣ್ಣತಮ್ಮಂದಿರ ಅಮೆರಿಕನ್ ಸೀರಿಯಲ್ ‘ಸೂಪರ್‌ನ್ಯಾಚುರಲ್’ನ ಹುಚ್ಚು ಹಿಡಿದವರಿಗೆ 1983ರ ನವೆಂಬರ್ 2 ಬಾಯಿಪಾಠ. ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ಮನೆಗೆ ಬೆಂಕಿ ಬೀಳುತ್ತದೆ, ಮೇರಿ ಸಾಯುತ್ತಾಳೆ. ಅವಳ ಗಂಡ ಜಾನ್ ವಿಂಚೆಸ್ಟರ್ ಕೈಯಲ್ಲಿ ಉಳಿಯುವುದು ನಾಲ್ಕು ವರ್ಷದ ಡೀನ್, ಆರು ತಿಂಗಳ ಸ್ಯಾಮ್. 2005ರಲ್ಲಿ ಶುರುವಾದ ಸೀರಿಯಲ್ ಅಲ್ಲಿಂದ ಒಂದೇ ನೆಗೆತಕ್ಕೆ 22 ವರ್ಷ ದಾಟಿಬಿಡುತ್ತದೆ. ನಡುವೆ ಆ ಅಪ್ಪ ದೆವ್ವ ಬೇಟೆಯಾಡುತ್ತಾ ಮಕ್ಕಳಿಗೆ ಊಟ ಏನು ಹಾಕಿದ?

ಈ ಖಾಲಿ ಜಾಗಕ್ಕೇ ಪ್ರೀಕ್ವೆಲ್, ಅಂದರೆ ಹಿಂದೆ ನಡೆದ ಕಥೆ ಹೇಳುವ ಕಾಮಿಕ್ಸ್ ಬಂದವು. ವೈಲ್ಡ್‌ಸ್ಟಾರ್ಮ್ ಅನ್ನುವ ಕಾಮಿಕ್ಸ್ ಪ್ರಕಾಶನ 2007ರಲ್ಲಿ ‘ಆರಿಜಿನ್ಸ್’ ಅಂತ ಆರು ಸಂಚಿಕೆ ತಂದಿತು. ಕಥೆ ಬರೆದವರು ಸೀರಿಯಲ್ ತಂಡದವರೇ ಆದ ಪೀಟರ್ ಜಾನ್ಸನ್. ಆಮೇಲೆ ‘ರೈಸಿಂಗ್ ಸನ್’, 2010ರಲ್ಲಿ ‘ಬಿಗಿನಿಂಗ್ಸ್ ಎಂಡ್’. ಓದಿ ಮುಗಿಸಿದ ಮೇಲೆ ನನಗೂ ಒಂದು ಬರೆಯುವ ಚಪಲ ಹತ್ತಿತು. ಮಾರೋಕೆ ಅಲ್ಲ, ಆ ಪಾತ್ರಗಳು ನನ್ನವಲ್ಲವಲ್ಲ. ಸುಮ್ನೆ ನಾಲ್ಕು ಗೆಳೆಯರಿಗೆ ಕೊಡೋಕೆ.

ಕೂತು ಬರೆಯುವ ಮೊದಲು ‘ಆರಿಜಿನ್ಸ್’ ಎಲ್ಲಿ ಏಟು ತಿಂದಿತು ಅಂತ ನೋಡಿದೆ. ಅದರಲ್ಲಿ ಜಾನ್‌ಗೆ ಬೇಟೆಯ ವಿವರ ಬರೆದಿಡುವ ಡೈರಿ ಕೊಡುವುದು ಫ್ಲೆಚರ್ ಗೇಬಲ್ ಅನ್ನುವ ಬೇಟೆಗಾರ. 2013ರಲ್ಲಿ ಸೀರಿಯಲ್ ಬೇರೆಯೇ ಕಥೆ ಹೇಳಿತು: ಆ ಡೈರಿ ಜಾನ್‌ನ ಅಪ್ಪ ಹೆನ್ರಿಯದು. ಅಷ್ಟೇ ಅಲ್ಲ, 2008ರಲ್ಲೇ ಮೇರಿಯ ತವರಿನವರೆಲ್ಲ ಬೇಟೆಗಾರರು ಅಂತ ತೋರಿಸಿಬಿಟ್ಟಿದ್ದರು. ಪಾಪ, ಕಾಮಿಕ್ಸ್ ಬರೆದವರು ಏನು ಮಾಡಿಯಾರು? ಸೀರಿಯಲ್ ಇನ್ನೂ ಓಡುತ್ತಿತ್ತು. ದೊಡ್ಡ ಪ್ರಶ್ನೆಗೆ ಉತ್ತರ ಕೊಟ್ಟರೆ ನಾಳೆ ಸೀರಿಯಲ್‌ನವರು ಅದನ್ನು ಅಳಿಸಬಹುದು. ಅದಕ್ಕೆ ನಾನು ಬೆಂಕಿಯ ತಂಟೆಗೇ ಹೋಗಲಿಲ್ಲ. ಒಂದು ರಾತ್ರಿ, ಒಂದು ಮೋಟೆಲ್ ರೂಮು. ಅಪ್ಪ ಹೊರಗೆ ಹೋಗಿದ್ದಾನೆ. ಎಂಟು ವರ್ಷದ ಡೀನ್ ದೆವ್ವ ಒಳಗೆ ಬಾರದಂತೆ ಕಿಟಕಿಗಳಿಗೆ ಉಪ್ಪಿನ ಗೆರೆ ಹಾಕಿಕೊಂಡು ತಮ್ಮನನ್ನು ಕಾಯುತ್ತಾನೆ. ಅಷ್ಟೇ ಕಥೆ.

ನಾಲ್ಕನೇ ಪುಟದಲ್ಲಿ ಡೀನ್ ಉಪ್ಪಿನ ಡಬ್ಬಿ ಬಗ್ಗಿಸುತ್ತಿರುವ ಚಿತ್ರ ನೋಡಿ ಅಮ್ಮ, “ಏನೋ ಇದು, ಮಗು ದೃಷ್ಟಿ ತೆಗೀತಿದೆಯಾ?” ಅಂದಳು. ಆ ಪುಟದಲ್ಲಿ ಉಪ್ಪು ಯಾಕೆ ಅಂತ ಒಂದು ವಿವರಣೆಯ ಪೆಟ್ಟಿಗೆ ಇತ್ತು. ಉಪ್ಪಿನ ಕೆಲಸ ನಮ್ಮವರಿಗೆ ಹೇಳಬೇಕಾಗಿಲ್ಲ ಅಂತ ಅವತ್ತೇ ತೆಗೆದುಹಾಕಿದೆ.

ಚಿತ್ರ ಬಿಡಿಸುವಾಗ ಮರ್ಯಾದೆ ಹೋಗಿದ್ದು ಕಾರಿನಲ್ಲಿ. ಜಾನ್‌ನ 1967ರ ಶೆವರ್ಲೆ ಇಂಪಾಲಾ. ಮೂರು ಸಂಜೆ ಕೂತು ಬಿಡಿಸಿದ್ದೆ. ಗೆಳೆಯನೊಬ್ಬ ನೋಡಿ, “ಇದೇನು, ಅಂಬಾಸಿಡರ್ ಓಡಿಸ್ತಿದ್ದಾನಾ?” ಅಂದ. ನೋಡಿದರೆ ಜಾನ್ ಬಲಗಡೆ ಕೂತಿದ್ದ, ಅಮೆರಿಕದಲ್ಲಿ ಸ್ಟೇರಿಂಗ್ ಎಡಗಡೆ! ಕೈಗೆ ನಮ್ಮ ರಸ್ತೆಯದೇ ರೂಢಿ. ಕಂಪ್ಯೂಟರಿನಲ್ಲಿ ಚಿತ್ರವನ್ನೇ ಎಡ-ಬಲ ತಿರುಗಿಸಿದೆ, ನಂಬರ್ ಪ್ಲೇಟೂ ಉಲ್ಟಾ ಆಯಿತು. ಇನ್ನೊಂದು ತಪ್ಪು ಆಮೇಲೆ ಗೊತ್ತಾಯಿತು. ಆ ಕಾರು ಹಾರ್ಡ್‌ಟಾಪ್, ಮುಂದಿನ ಹಿಂದಿನ ಬಾಗಿಲ ಕಿಟಕಿಗಳ ನಡುವೆ ಕಂಬವೇ ಇಲ್ಲ. ನಾನು ದಪ್ಪಗೆ ಕಂಬ ಎಳೆದಿದ್ದೆ. ಕೊನೆಗೆ ಕಾರನ್ನು ಪೂರ್ತಿ ಹೊಸದಾಗಿ ಬಿಡಿಸಿದೆ.

ಆದರೆ ಜಾಸ್ತಿ ಹೊತ್ತು ತಿಂದಿದ್ದು ಮಾತಿನ ಬಲೂನು. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ, ಒಂದೇ ಎತ್ತರ, ಸಾಲುಗಳು ಒತ್ತೊತ್ತಾಗಿ ಕೂರುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ಅಪ್ಪ ಎಷ್ಟೊತ್ತಿಗೆ ಬರ್ತಾರೆ?’ ಅಂತ ಎರಡು ಸಾಲಿನಲ್ಲಿ ಬರೆದೆ. ಮೇಲಿನ ‘ಷ್ಟೊ’ದ ಬಾಲ ಕೆಳಗಿನ ಸಾಲಿನ ತಲೆಗೆ ತಾಗಿತು. ಸಾಲಿನ ಅಂತರ ಹೆಚ್ಚಿಸಿದರೆ ಬಲೂನು ಊದಿಕೊಂಡು ಸ್ಯಾಮ್‌ನ ಮುಖ ಮುಚ್ಚಿತು. ಆಮೇಲೆ ಒಂದು ಕ್ರಮ ಹಿಡಿದೆ. ಮೊದಲು ಮಾತು ಬರೆದು ಬಲೂನಿಗೆ ಜಾಗ ಬಿಡೋದು, ಚಿತ್ರ ಆಮೇಲೆ. ಉದ್ದ ಪದ ಬಂದರೆ ಒಡೆಯೋದಲ್ಲ, ಮಾತನ್ನೇ ಬದಲಿಸೋದು. ‘ಹೆದರಿಕೊಳ್ಳಬೇಡ’ ಹೋಗಿ ‘ಹೆದರ್ಬೇಡ’ ಆಯಿತು. ಎಂಟು ವರ್ಷದ ಹುಡುಗನ ಬಾಯಿಗೆ ಅದೇ ವಾಸಿ.

ಸೀರಿಯಲ್‌ನಲ್ಲಿ ಡೀನ್ ಅಪ್ಪನಿಗೆ ‘ಯೆಸ್ ಸರ್’ ಅನ್ನುತ್ತಾನೆ. ‘ಸರಿ ಅಪ್ಪ’ ಅಂತ ಬರೆದರೆ ಮುದ್ದಾಯಿತು. ‘ಆಯ್ತು ಸರ್’ ಅಂದರೆ ಆಫೀಸಾಯಿತು. ಕೊನೆಗೆ ಡೀನ್ ಅಪ್ಪನಿಗೆ ‘ನೀವು’ ಅನ್ನಲಿ, ಉತ್ತರಕ್ಕೆ ಬರೀ ‘ಹ್ಞೂಂ’ ಅಂತ ಬಿಟ್ಟೆ. ಜಾನ್ ಬಾಯಲ್ಲಿ ‘ಮಗನೇ’ ಒಂದು ಸಲವೂ ಬರದಂತೆ ನೋಡಿಕೊಂಡೆ.

ಜೆರಾಕ್ಸ್ ಅಂಗಡಿಗೆ ಹೋದಾಗ ಇನ್ನೊಂದು ಎಡವಟ್ಟು. ನನ್ನದು 14 ಪುಟ. ಹಾಳೆ ಮಡಚಿ ನಡುವೆ ಪಿನ್ನು ಹೊಡೆಯಬೇಕಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಇರಬೇಕು. ಎರಡು ಸೇರಿಸಬೇಕು, ಇಲ್ಲ ಎರಡು ಕಿತ್ತು ಹಾಕಬೇಕು. ಜಾನ್ ವಾಪಸ್ ಬಂದು, ಏನು ಬೇಟೆಯಾಡಿದೆ ಅಂತ ಹೇಳುವ ಎರಡು ಪುಟ ಕಿತ್ತೆ. ಈಗ ಹನ್ನೆರಡನೇ ಪುಟದಲ್ಲಿ ಇರುವುದು ಇಷ್ಟೇ: ಹೊರಗಿಂದ ಹೆಡ್‌ಲೈಟಿನ ಬೆಳಕು, ಕಿಟಕಿಯ ಮೇಲೆ ಉಪ್ಪು, ಕೂತಲ್ಲೇ ತೂಕಡಿಸುತ್ತಿರುವ ಡೀನ್.