ಡೈವಿಂಗ್‌ನಲ್ಲಿ ಪುಟ್ಟ ಜೀವಿಗಳನ್ನ ಹುಡುಕೋದು, ಫೋಟೋ ತೆಗೆಯೋದು

ಪುಟ್ಟ ಜೀವಿಗಳ ಫೋಟೋ ಬೇಕು ಅಂದ್ರೆ ಮೊದಲು ಕಲೀಬೇಕಾದ್ದು ಕ್ಯಾಮೆರಾ ಅಲ್ಲ, ಬಾಯನ್ಸಿ, ಅಂದ್ರೆ ನೀರಲ್ಲಿ ತೇಲೋದರ ಹಿಡಿತ. ನೀರಲ್ಲಿ ಮೇಲೂ ಹೋಗದೆ ಕೆಳಗೂ ಇಳೀದೆ ಒಂದೇ ಕಡೆ ನಿಲ್ಲೋಕೆ ಇನ್ನೂ ಬರಲ್ಲ ಅಂದ್ರೆ ಕ್ಯಾಮೆರಾನ ಬೋಟಲ್ಲೇ ಬಿಟ್ಟು ಇಳೀರಿ, ಯಾಕಂದ್ರೆ ಒಂದ್ಸಲ ಕಾಲಿನ ಫಿನ್ (ಈಜುರೆಕ್ಕೆ) ತಾಗಿದ್ರೆ ಸಾಕು, ವರ್ಷಗಟ್ಟಲೆ ಬೆಳೆದ ಹವಳ ಮುರಿದುಹೋಗುತ್ತೆ, ಮರಳು ಎದ್ದು ಫೋಟೋನೂ ಕೆಡುತ್ತೆ. ಫ್ರಾಗ್ ಕಿಕ್, ಅಂದ್ರೆ ಕಪ್ಪೆ ಥರ ಕಾಲು ಬೀಸೋದು ರೂಢಿ ಮಾಡ್ಕೊಳ್ಳಿ, ಮರಳು ಕಡಿಮೆ ಏಳುತ್ತೆ.

ಹುಡುಕೋವಾಗ ನೇರವಾಗಿ ಜೀವೀನ ಹುಡುಕೋಕೆ ಹೋಗ್ಬೇಡಿ, ಅದರ ಊಟ ಎಲ್ಲಿದೆ, ಮನೆ ಎಲ್ಲಿದೆ ನೋಡಿ. ನ್ಯೂಡಿಬ್ರಾಂಕ್ ಅಂದ್ರೆ ಚಿಪ್ಪಿಲ್ಲದ ಬಣ್ಣಬಣ್ಣದ ಸಮುದ್ರದ ಬಸವನಹುಳು, ಅದರಲ್ಲಿ ಎಷ್ಟೋ ಜಾತಿಗಳು ಯಾವುದೋ ಒಂದೆರಡು ಬಗೆಯ ಸ್ಪಂಜು ಅಥವಾ ಹೈಡ್ರಾಯ್ಡ್ (ಪುಟ್ಟ ಗಿಡದ ಹಾಗೆ ಕಾಣೋ ಜೀವಿ) ಬಿಟ್ಟು ಬೇರೇನೂ ಮುಟ್ಟಲ್ಲ, ಹಾಗಾಗಿ ಆ ಸ್ಪಂಜು ಗುರುತು ಸಿಕ್ರೆ ಅರ್ಧ ಕೆಲಸ ಆದಂಗೆ. ಬಂಡೆ ಮೇಲೆ ನ್ಯೂಡಿಬ್ರಾಂಕ್ ಮೊಟ್ಟೆಗಳ ತೆಳು ಸುರುಳಿ ಕಂಡ್ರೆ ಅಲ್ಲೇ ನಿಧಾನಕ್ಕೆ ಸುತ್ತಮುತ್ತ ನೋಡಿ, ಇಟ್ಟವರು ಹತ್ರದಲ್ಲೇ ಇರಬಹುದು. ಅನಿಮೋನ್ (ಬಂಡೆಗೆ ಅಂಟಿಕೊಂಡು ಹೂವಿನ ಹಾಗೆ ಕಾಣೋ ಜೀವಿ) ಕಂಡ್ರೆ ಕ್ಲೌನ್ ಫಿಶ್ ನೋಡಿ ಮುಂದೆ ಹೋಗ್ಬೇಡಿ, ಅದರ ಎಳೆಗಳ ಮಧ್ಯೆ ಗಾಜಿನಂಥ ಸೀಗಡಿ ಕೂತಿರಬಹುದು. ಪಿಗ್ಮಿ ಕಡಲಕುದುರೆ ಅಂತೂ 2 ಸೆಂ.ಮೀ. ಆಸುಪಾಸು ಅಷ್ಟೇ, ಮೈಮೇಲಿನ ಗುಬಟು, ಬಣ್ಣ ಎರಡೂ ಅದು ಕೂತಿರೋ ಸೀ ಫ್ಯಾನ್ (ಬೀಸಣಿಗೆಯಂಥ ಹವಳ) ಥರಾನೇ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಅದು ಮೊದಲು ಕಣ್ಣಿಗೆ ಬಿದ್ದಿದ್ದೂ ಅಕ್ವೇರಿಯಂಗೆ ಅಂತ ತಂದ ಸೀ ಫ್ಯಾನ್ ಮೇಲೇನೇ, ಅಷ್ಟು ಚೆನ್ನಾಗಿ ಅಡಗಿತ್ತು!

ಇನ್ನು ಫೋಟೋ. ನೀರು ಕೆಂಪು ಬೆಳಕನ್ನ ಮೊದಲ ಕೆಲವೇ ಮೀಟರಲ್ಲಿ ನುಂಗಿಬಿಡುತ್ತೆ, ಸ್ಟ್ರೋಬ್ ಅಂದ್ರೆ ನೀರೊಳಗಿನ ಫ್ಲ್ಯಾಶ್ ಇಲ್ದಿದ್ರೆ ಕೆಂಪು ಜೀವಿನೂ ಬೂದು ಬಣ್ಣಕ್ಕೆ ಬರುತ್ತೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಿಂದ 200, ಶಟರ್ ಸೆಕೆಂಡಿನ 1/160 ಅಥವಾ 1/200, ಅಪರ್ಚರ್ (ಬೆಳಕು ಬರೋ ಲೆನ್ಸಿನ ಕಿಂಡಿ) ದೊಡ್ಡ ಕ್ಯಾಮೆರಾ ಆದ್ರೆ ಎಫ್/16 ಹತ್ರ, ಇಲ್ಲಿಂದ ಶುರು ಮಾಡಿ ಸ್ಟ್ರೋಬ್ ಪವರ್ ಹೆಚ್ಚುಕಮ್ಮಿ ಮಾಡ್ತಾ ಹೋಗಿ. ಹತ್ರದಿಂದ ತೆಗೆಯೋವಾಗ ಶಾರ್ಪ್ ಆಗಿ ಬರೋ ಜಾಗ ಕೆಲವೇ ಮಿಲಿಮೀಟರ್, ಅದಕ್ಕೇ ಫೋಕಸ್ ಲಾಕ್ ಮಾಡಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದು ಕಣ್ಣು ಶಾರ್ಪ್ ಆದ ಕ್ಷಣ ಕ್ಲಿಕ್ ಮಾಡಿ. ನ್ಯೂಡಿಬ್ರಾಂಕ್ ಆದ್ರೆ ತಲೆ ಮೇಲಿನ ಎರಡು ಕೊಂಬಿಗೆ ಫೋಕಸ್ ಹಾಕಿ, ವಾಸನೆ ಹಿಡಿಯೋದು ಅವೇ. ಮೇಲಿಂದ ತೆಗೆದ್ರೆ ಹಿಂದಿನ ಬಂಡೇಲಿ ಕರಗಿಹೋಗುತ್ತೆ, ಅದರ ಮಟ್ಟಕ್ಕೆ ಇಳಿದು ಹಿಂದೆ ಖಾಲಿ ನೀರು ಬರೋ ಹಾಗೆ ನೋಡ್ಕೊಳ್ಳಿ.

ಒಳ್ಳೆ ಫ್ರೇಮ್ ಸಿಗ್ಲಿ ಅಂತ ಕಡ್ಡಿಯಿಂದ ತಳ್ಳೋದು, ಎತ್ತಿ ಬೇರೆ ಕಡೆ ಇಡೋದು ದಯವಿಟ್ಟು ಬೇಡ, ನಿಮ್ಮ ಗೈಡ್ ಮಾಡೋಕೆ ಹೊರಟ್ರೂ ಬೇಡ ಅಂತ ಕೈ ಸನ್ನೆ ಮಾಡಿ. ಕಡಲಕುದುರೆ ಬೆನ್ನು ತಿರುಗಿಸಿದ್ರೆ ಸ್ವಲ್ಪ ಹೊತ್ತು ಕಾದು ಬಿಟ್ಟುಬಿಡಿ. ಮತ್ತೆ ವ್ಯೂಫೈಂಡರಲ್ಲಿ ಮುಳುಗಿದ್ರೆ ಟೈಮೇ ಗೊತ್ತಾಗಲ್ಲ, ನಾಲ್ಕೈದು ಕ್ಲಿಕ್ ಆದಮೇಲೆ ಒಂದ್ಸಲ ಗೇಜು (ಸಿಲಿಂಡರಲ್ಲಿ ಉಳಿದ ಗಾಳಿ), ನೋ-ಡೆಕೋ ಟೈಮು (ಮೇಲೆ ಬರೋವಾಗ ಮಧ್ಯೆ ಕಡ್ಡಾಯವಾಗಿ ನಿಲ್ಲಬೇಕಾಗದ ಹಾಗೆ ಕೆಳಗೆ ಇನ್ನೆಷ್ಟು ಹೊತ್ತು ಇರಬಹುದು ಅನ್ನೋದು), ನಿಮ್ಮ ಬಡ್ಡಿ ಅಂದ್ರೆ ಡೈವಿಂಗ್ ಜೊತೆಗಾರ ಎಲ್ಲಿದ್ದಾರೆ ಅಂತ ಮೂರೂ ನೋಡಿಯೇ ಮುಂದಿನ ಕ್ಲಿಕ್.