ಬ್ಯುರೆಟ್ ತಿರುಗಿಸಿ ಆರಿಸಿದ ಸಬ್ಜೆಕ್ಟು

ನಾನು ಬಿಎಸ್ಸಿ ಸೇರಿದ್ದು 2021ರಲ್ಲಿ, ಕಲಬುರಗಿಯ ಒಂದು ಕಾಲೇಜಿಗೆ. ಆ ವರ್ಷ ಕೊರೋನಾದಿಂದ ಸೆಕೆಂಡ್ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು ಅಂಕ ಹಿಡಿದು ಎಲ್ಲರನ್ನೂ ಪಾಸ್ ಮಾಡಿದರು. ಆಗ ಖುಷಿಯೋ ಖುಷಿ. ಡಿಗ್ರಿ ಫಾರ್ಮ್ ತುಂಬೋಕೆ ಕೂತಾಗ ಮಾತ್ರ ಕೈ ಓಡಲಿಲ್ಲ. ಯಾವ ವಿಷಯ ನನಗೆ ನಿಜವಾಗಿ ಬರುತ್ತೆ ಅಂತ ಆ ಮಾರ್ಕ್ಸ್ ಕಾರ್ಡ್ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಅದೇ ವರ್ಷ ನಮ್ಮ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಶುರುವಾಯಿತು. ಅದುವರೆಗೆ ಬಿಎಸ್ಸಿ ಅಂದರೆ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಅಂತ ಮೂರು ವಿಷಯದ ಕಟ್ಟು. ನಮ್ಮ ಬ್ಯಾಚಿಗೆ ಮುಖ್ಯ ವಿಷಯ ಎರಡೇ. ಸೀನಿಯರ್‌ಗಳನ್ನು ಕೇಳಿದರೆ "ಕಣ್ಣು ಮುಚ್ಚಿ ಪಿಸಿಎಂ ತಗೋ" ಅನ್ನುತ್ತಿದ್ದರು. ಮೂರರಲ್ಲಿ ಯಾವುದನ್ನು ಬಿಡಲಿ ಅಂದರೆ ಸುಮ್ಮನಾಗುತ್ತಿದ್ದರು. ಅಪ್ಪ ತೊಗರಿ ಹೊಲದಿಂದ ಬಂದು ಕೈಕಾಲು ತೊಳೆಯುತ್ತಾ ಹೇಳಿದ್ದು ಇಷ್ಟೇ: "ಯಾವ್ದು ಓದಿದ್ರ ಮಾಸ್ತರಿಕಿ ನೌಕರಿ ಸಿಗ್ತದ, ಅದೇ ತಗೋ ನಮ್ಮವ್ವ."

ಮೊದಲ ಸೆಮಿಸ್ಟರ್ ಸಿಲಬಸ್ ಮೊಬೈಲಿಗೆ ಇಳಿಸಿಕೊಂಡೆ. ಒಂದೊಂದು ವಿಷಯಕ್ಕೆ ಒಂದೊಂದು ಸಂಜೆ ಅಂತ ಇಟ್ಟುಕೊಂಡೆ. ಗಣಿತದಲ್ಲಿ ಮ್ಯಾಟ್ರಿಕ್ಸು, ಕ್ಯಾಲ್ಕುಲಸ್ಸು. ಲೆಕ್ಕ ಮಾಡ್ತಾ ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ. ಭೌತಶಾಸ್ತ್ರದಲ್ಲಿ ಮೆಕ್ಯಾನಿಕ್ಸ್. ಅರ್ಥವಾಯಿತು, ಆದರೆ ಎರಡು ಪುಟ ಆದಮೇಲೆ ಮೊಬೈಲ್ ಕೈಗೆ ಬಂತು. ರಸಾಯನಶಾಸ್ತ್ರದಲ್ಲಿ ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅಳೆಯೋದರ ಬಗ್ಗೆ ಇತ್ತು. ಓದಿದೆ, ಏನೂ ಅನ್ನಿಸಲಿಲ್ಲ. ಅನ್ನಿಸೋದಾದರೂ ಹೇಗೆ? ಪಿಯುಸಿಯಲ್ಲಿ ಲ್ಯಾಬ್ ಅಂದರೆ ನಮಗೆ ಮೊಬೈಲ್‌ನಲ್ಲಿ ವಿಡಿಯೋ.

ಹಾಗಾಗಿ ಫಾರ್ಮ್ ತರೋಕೆ ಹೋದ ದಿನ ಕೆಮಿಸ್ಟ್ರಿ ಲ್ಯಾಬ್ ಬಾಗಿಲಲ್ಲಿ ನಿಂತೆ. ಅಟೆಂಡರ್ ಕಾಕಾ ಒಳಗೆ ಗಾಜು ತೊಳೆಯುತ್ತಿದ್ದರು. "ನೋಡ್ತಿಯೇನವ್ವ?" ಅಂತ ಬ್ಯುರೆಟ್ ಅನ್ನೋ ಉದ್ದನೆ ಗಾಜಿನ ಅಳತೆ ಕೊಳವೆಗೆ ಬರೀ ನೀರು ತುಂಬಿ ಸ್ಟ್ಯಾಂಡಿಗೆ ಸಿಗಿಸಿದರು. ಕೆಳಗಿನ ತಿರುಪು ಮೆಲ್ಲಗೆ ತಿರುಗಿಸಿದೆ. ತುದಿಯಲ್ಲಿ ಒಂದು ಹನಿ ದಪ್ಪಗಾಯಿತು, ತೂಗಾಡಿತು, ಬಿತ್ತು. ಇನ್ನೊಂದು ಚೂರು ತಿರುಗಿಸಿದ್ದೇ ತಡ, ದಾರದ ಹಾಗೆ ಸುರಿಯಿತು. ಒಂದೊಂದೇ ಹನಿ ಬೀಳೋ ಹಾಗೆ ನಿಲ್ಲಿಸೋಕೆ ಹತ್ತು ನಿಮಿಷ ಹಿಡಿಯಿತು. ಕಾಕಾ ನಗುತ್ತಾ, "ಕೈ ಕೂತ್ರ ಬಿಡಂಗಿಲ್ಲ ಅದು" ಅಂದರು. ಫಾರ್ಮ್‌ನಲ್ಲಿ ಕೆಮಿಸ್ಟ್ರಿ ಅಂತ ಬರೆದದ್ದು ಆಮೇಲೆ.

ಎರಡನೆಯದಕ್ಕೆ ಮಾತ್ರ ಲೆಕ್ಕ ಹಾಕಿದೆ. ನಾನು ಜೇವರ್ಗಿಯಿಂದ ದಿನಾ ಓಡಾಡಬೇಕಿತ್ತು. ಸುಮಾರು 40 ಕಿಲೋಮೀಟರ್, ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿ ಬರೋ ಬಸ್ಸು. ಕ್ಯಾಲೆಂಡರ್ ಹಿಂದೆ ಆರು ಮನೆ ಗೆರೆ ಎಳೆದು ವಾರವನ್ನು ಬರೆದೆ. ಒಂದು ಮುಖ್ಯ ವಿಷಯಕ್ಕೆ ವಾರಕ್ಕೆ 4 ಗಂಟೆ ಪಾಠ, 4 ಗಂಟೆ ಲ್ಯಾಬ್. ಮೇಲೆ ಎರಡು ಭಾಷೆ, ಒಂದು ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸೋ ಪೇಪರ್), ಡಿಜಿಟಲ್ ಫ್ಲುಯೆನ್ಸಿ ಅನ್ನೋ ಡಿಜಿಟಲ್ ತಂತ್ರಜ್ಞಾನದ ಪೇಪರ್. ಫಿಸಿಕ್ಸ್ ತಗೊಂಡರೆ ಇನ್ನೊಂದು ಮಧ್ಯಾಹ್ನ ಲ್ಯಾಬಿಗೆ ಹೋಗುತ್ತೆ, ಗಣಿತ ತಗೊಂಡರೆ ಉಳಿಯುತ್ತೆ ಅಂದುಕೊಂಡೆ. ಹೇಗಿದ್ದರೂ ಇಷ್ಟದ ವಿಷಯ. ಕೆಮಿಸ್ಟ್ರಿ, ಮ್ಯಾಥ್ಸ್ ಅಂತ ಬರೆದು ಕೊಟ್ಟೆ.

ಅಲ್ಲೇ ನಾನು ಜಾರಿದ್ದು. ಹೊಸ ಸಿಲಬಸ್ಸಿನಲ್ಲಿ ಗಣಿತಕ್ಕೂ ಲ್ಯಾಬ್ ಇತ್ತು! ಪಾಠದ ಭಾಗ ಓದಿ, ಪ್ರಾಕ್ಟಿಕಲ್ ಪುಟ ತಿರುವಿರಲೇ ಇಲ್ಲ. ಕಂಪ್ಯೂಟರ್ ಮುಂದೆ ಕೂತು ಸೈಲ್ಯಾಬ್ ಅನ್ನೋ ಗಣಿತದ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಬೇಕು. ಅದುವರೆಗೆ ನಾನು ಕೀಬೋರ್ಡ್ ಮುಟ್ಟಿದ್ದು ಬೆರಳೆಣಿಕೆಯಷ್ಟು ಸಲ. ಮೊದಲ ದಿನ ಎರಡು ಸಾಲಿನ ಮ್ಯಾಟ್ರಿಕ್ಸ್ ಟೈಪ್ ಮಾಡಿ ರ್‍ಯಾಂಕ್ (ಸ್ವತಂತ್ರ ಸಾಲು ಎಷ್ಟು ಅಂತ) ಕೇಳಿದರೆ 1 ಅಂತ ಬಂತು. ಕೈಯಲ್ಲಿ ಮಾಡಿದ ಉತ್ತರ 2. ಮೂರು ಸಲ ಹಾಗೇ ಆಯಿತು. ಸಾಲು ಮುರಿಯೋಕೆ ಸೆಮಿಕೋಲನ್ ಹಾಕಬೇಕಾದಲ್ಲಿ ನಾನು ಕಾಮಾ ಹಾಕಿದ್ದೆ. ಎರಡು ಸಾಲು ಸೇರಿ ಒಂದೇ ಉದ್ದನೆ ಸಾಲಾಗಿ ಕೂತಿತ್ತು. ಒಂದು ತಿಂಗಳು ಆ ಲ್ಯಾಬ್ ಅಂದರೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಕೊನೆಗೆ ನಮ್ಮ ಬೆಂಚಿನವರೆಲ್ಲ ತಪ್ಪು ಹುಡುಕೋಕೆ ನನ್ನನ್ನೇ ಕರೆಯುತ್ತಿದ್ದರು, ಅದು ಬೇರೆ ಮಾತು.

ಭಾಷೆಗೆ ಕನ್ನಡ, ಇಂಗ್ಲಿಷ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವಳು ನಾನು. ಹಿಂದಿಯಲ್ಲಿ ಅಂಕ ಜಾಸ್ತಿ ಅಂತ ಗೆಳತಿಯರು ಎಳೆದರು, ಹೋಗಲಿಲ್ಲ. ಸೈನ್ಸ್ ಪುಸ್ತಕವೆಲ್ಲ ಇಂಗ್ಲಿಷ್‌ನಲ್ಲೇ ಇರುವಾಗ ಆ ಕ್ಲಾಸ್ ಬಿಟ್ಟರೆ ನನಗೇ ನಷ್ಟ ಅಲ್ವಾ?

ಓಪನ್ ಎಲೆಕ್ಟಿವ್‌ನಲ್ಲಿ ಮಾತ್ರ ಹಿಂಡಿನ ಹಿಂದೆ ಹೋದೆ. ಎಲ್ಲರೂ "ಅದ್ರಾಗ ಅಂಕ ಸುರೀತಾವ" ಅಂದ ಕಾಮರ್ಸಿನ ಪೇಪರ್ ಬರೆದೆ. ಟೈಮ್‌ಟೇಬಲ್ ಬಂದಾಗ ನೋಡಿದರೆ ಅದು ಶನಿವಾರದ ಕೊನೆ ಗಂಟೆ. ಕೂತರೆ ಬಸ್ಸು ತಪ್ಪುತ್ತೆ, ಎದ್ದರೆ ಹಾಜರಿ ತಪ್ಪುತ್ತೆ. ಬದಲಿಸೋಣ ಅಂತ ಆಫೀಸಿಗೆ ಹೋದರೆ ದಿನ ಮುಗಿದಿತ್ತು. ಬದಲಿಸೋಕೆ ಎಷ್ಟು ದಿನ ಅವಕಾಶ ಅಂತ ಫಾರ್ಮ್ ಕೊಡುವಾಗಲೇ ಕೇಳಿಟ್ಟುಕೊಳ್ಳಬೇಕಿತ್ತು.

2024ರಲ್ಲಿ ಸರ್ಕಾರ ಆ ಪದ್ಧತಿ ಕೈಬಿಟ್ಟಿತು. ಮೂರು ವರ್ಷದ ಡಿಗ್ರಿ, ಮೂರು ವಿಷಯ ವಾಪಸ್ ಬಂತು. ಆ ವರ್ಷ ಚಿಕ್ಕಮ್ಮನ ಮಗಳು ಮೊಬೈಲ್ ಹಿಡಿದುಕೊಂಡು ಬಂದಳು. "ಅಕ್ಕಾ, ಎಲ್ರೂ ಪಿಸಿಎಂ ಅಂತಾರ, ಹಾಕ್ಲೇನು?" ನಾನು ಯಾವುದನ್ನೂ ಹೇಳಲಿಲ್ಲ. ಕ್ಯಾಲೆಂಡರ್ ಹಿಂದೆ ವಾರ ಬರೆಯೋದು ತೋರಿಸಿ, ಪ್ರಾಕ್ಟಿಕಲ್ ಪುಟ ಮೊದಲು ಓದು, ಲ್ಯಾಬ್ ಒಳಗೆ ಒಂದು ಸಲ ಕಾಲಿಟ್ಟು ಬಾ ಅಂದೆ. ಮರುದಿನ ಸಂಜೆ ಓಡಿ ಬಂದಳು.

"ಅಕ್ಕಾ, ಲ್ಯಾಬಿಗಿ ಕೀಲಿ ಹಾಕಿತ್ತು. ಕಿಟಕ್ಯಾಗಿಂದ ಇಣುಕಿ ನೋಡ್ದೆ. ಬಾಟ್ಲಿ ಒಳಗ ಇಷ್ಟುದ್ದ ಹಾವು ಅದ! ನಾ ಸಿಬಿಝಡ್ ತಗೋತೀನಿ."